ಸ್ಪಷ್ಟನೆ: ಎಚ್5ಎನ್1 ಎಲ್ಲೆಡೆಯೂ ಒಂದೇ ವೈರಸ್ ಅಲ್ಲ

ಅಮೆರಿಕದ ಹೈನು ಕಾರ್ಮಿಕರಿಗೂ ಕಾಂಬೋಡಿಯಾದ ಹಳ್ಳಿಗರಿಗೂ ತಗಲಿದ್ದು ಒಂದೇ ಹಕ್ಕಿಜ್ವರ, ಆದ್ದರಿಂದ ಅಮೆರಿಕದಲ್ಲಿ ಕಂಡ ಸೌಮ್ಯ ಲಕ್ಷಣಗಳನ್ನೇ ಎಲ್ಲೆಡೆ ನಿರೀಕ್ಷಿಸಬಹುದು ಎಂಬ ಸಂದೇಶ ಸರಿಯಲ್ಲ. ಎರಡೂ ಹಕ್ಕಿಜ್ವರದ ಎಚ್5ಎನ್1 ವೈರಸ್ಸೇ ನಿಜ, ಆದರೆ ವಂಶಾವಳಿ ಬೇರೆ. 2024ರಲ್ಲಿ ಅಮೆರಿಕದ ಹಸುಗಳಲ್ಲಿ ಹರಡಿ ಕಾರ್ಮಿಕರಿಗೆ ಹೆಚ್ಚಾಗಿ ಕಣ್ಣಿನ ಉರಿಯೂತ ತಂದದ್ದು 2.3.4.4ಬಿ ಎಂಬ ಕವಲಿನ (ವೈರಸ್ ವಂಶವೃಕ್ಷದ ಶಾಖೆಯ) ಬಿ3.13 ಜೀನೋಟೈಪ್ (ನಿರ್ದಿಷ್ಟ ಜೀನ್ ಜೋಡಣೆಯ ತಳಿ), ಕಾಂಬೋಡಿಯಾದಲ್ಲಿ 2023ರ ಕೊನೆಯಿಂದ ಮಕ್ಕಳನ್ನೂ ಬಲಿ ಪಡೆದಿರುವುದು, ಅಲ್ಲಿನ ಹಳೆಯ ಕವಲಿನ ಮೇಲ್ಮೈ ಪ್ರೋಟೀನುಗಳ ಜೀನ್‌ಗಳ ಜೊತೆ 2.3.4.4ಬಿಯ ಕೆಲವು ಒಳ ಜೀನ್‌ಗಳು ಬೆರೆತು ಹುಟ್ಟಿದ ಮಿಶ್ರತಳಿ. ಈ ವೈರಸ್ಸಿನ ಜೀನೋಮ್ ಎಂಟು ಬಿಡಿ ತುಂಡುಗಳಲ್ಲಿರುವುದರಿಂದ, ಒಂದೇ ಹಕ್ಕಿಗೆ ಎರಡು ತಳಿಗಳು ತಗಲಿದಾಗ ಇಂಥ ಅದಲುಬದಲು ಸಾಧ್ಯ. ಅಮೆರಿಕದೊಳಗೂ ಏಕರೂಪತೆಯಿಲ್ಲ: 2025ರ ಜನವರಿಯಲ್ಲಿ ಲೂಸಿಯಾನಾದಲ್ಲಿ ಮೃತಪಟ್ಟ ರೋಗಿಗೆ ತಗಲಿದ್ದು ಡಿ1.1 ಎಂಬ ಬೇರೆ ಜೀನೋಟೈಪ್. ವಯಸ್ಸು, ಸೋಂಕು ತಗಲಿದ ಬಗೆಯೂ ತೀವ್ರತೆಯ ಮೇಲೆ ಪರಿಣಾಮ ಬೀರುವುದರಿಂದ, ಜೀನೋಟೈಪ್ ಒಂದನ್ನೇ ಹೊಣೆ ಮಾಡುವುದೂ ಆತುರವಾದೀತು.