ಆ ಬೆಕ್ಕನ್ನು ಇನ್ನೂ ಯಾರೂ ತಿಂದಿಲ್ವಾ?

ರಷ್ಯನ್ ಲೇಖಕ ಸೋಲ್ಜೆನಿತ್ಸಿನ್ ಬರೆದ ‘ಇವಾನ್ ಡೆನಿಸೊವಿಚ್‌ನ ಬದುಕಿನ ಒಂದು ದಿನ’ ಕಾದಂಬರಿ ನಿನ್ನೆ ರಾತ್ರಿ ಮುಗಿಸಿದೆ. ಕಾಲೇಜಲ್ಲಿದ್ದಾಗ ಅರ್ಧಕ್ಕೇ ಬಿಟ್ಟಿದ್ದ ಪುಸ್ತಕ. ಸ್ಟಾಲಿನ್ ಕಾಲದ ಕೂಲಿ ಶಿಬಿರ ಅಂದರೆ ಹೊಡೆತ, ರಕ್ತ, ಬೇಲಿ ಹಾರುವುದು ಎಲ್ಲ ಇರುತ್ತದೆ ಅಂದುಕೊಂಡಿದ್ದೆ. ಇಲ್ಲಿ ಒಬ್ಬ ಬೆಳಿಗ್ಗೆ ಐದಕ್ಕೆ ಏಳುತ್ತಾನೆ, ಗೋಡೆ ಕಟ್ಟುತ್ತಾನೆ, ಗಂಜಿ ಕುಡಿದು ಮಲಗುತ್ತಾನೆ.

ಆಗ ನಾನು ಬ್ರೆಡ್ಡಿನ ಲೆಕ್ಕವನ್ನೇ ಸರಿಯಾಗಿ ಓದಿರಲಿಲ್ಲ ಅನಿಸುತ್ತದೆ. ಶುಖೋವ್, ಅಂದರೆ ಇವಾನ್ ಡೆನಿಸೊವಿಚ್, ತನ್ನ ಪಾಲಿನ ತುಂಡನ್ನು ಕೈಯಲ್ಲೇ ತೂಗಿ ನೋಡುತ್ತಾನೆ. ಕೊಡಬೇಕಾದದ್ದು 550 ಗ್ರಾಂ. ಅಷ್ಟು ಯಾವತ್ತೂ ಇರುವುದಿಲ್ಲ. ಇವತ್ತು ಎಷ್ಟು ಹೊಡೆದಿದ್ದಾರೆ ಅನ್ನುವುದಷ್ಟೇ ಪ್ರಶ್ನೆ. ಮೇಲಿನ ಸಕ್ಕರೆಯನ್ನು ತುಟಿಯಲ್ಲೇ ಹೀರಿಕೊಳ್ಳುತ್ತಾನೆ. ಅರ್ಧ ಬ್ರೆಡ್ಡು ಒಳಜೇಬಿಗೆ. ಇನ್ನರ್ಧ ಹಾಸಿಗೆಯೊಳಗಿನ ಮರದ ಹೊಟ್ಟಿಗೆ. ಟೋಪಿಯಲ್ಲಿ ಬಚ್ಚಿಟ್ಟ ಸೂಜಿ ದಾರ ತೆಗೆದು ಆ ತೂತನ್ನು ಹೊಲಿದುಬಿಡುತ್ತಾನೆ. ಹತ್ತು ವರ್ಷದ ಶಿಕ್ಷೆಯಲ್ಲಿ ಎಂಟು ಮುಗಿಸಿದವನ ಕೈಚಳಕ. ಅವನು ಮಾಡಿದ ತಪ್ಪಾದರೂ ಏನು? 1942ರಲ್ಲಿ ಜರ್ಮನ್ನರ ಕೈಗೆ ಸಿಕ್ಕಿ, ತಪ್ಪಿಸಿಕೊಂಡು ತನ್ನವರ ಹತ್ತಿರ ವಾಪಸ್ ಬಂದದ್ದು. ಗೂಢಚಾರ ಅಂದರು. ಸಹಿ ಹಾಕದಿದ್ದರೆ ಗುಂಡು, ಹಾಕಿದರೆ ಇನ್ನೂ ಸ್ವಲ್ಪ ದಿನ ಬದುಕಬಹುದು. ಹಾಕಿದ.

ಸೋಲ್ಜೆನಿತ್ಸಿನ್‌ಗೆ ಇದೆಲ್ಲ ಕೇಳಿ ತಿಳಿದದ್ದಲ್ಲ. ಕಜಕಸ್ತಾನದ ಎಕಿಬಸ್ತೂಜ್ ಶಿಬಿರದಲ್ಲಿ ತಾನೇ ಗಾರೆ ಕೆಲಸ ಮಾಡಿದವನು. 1962ರ ನವೆಂಬರಿನಲ್ಲಿ ‘ನೋವಿ ಮೀರ್’ ಪತ್ರಿಕೆಯಲ್ಲಿ ಇದು ಅಚ್ಚಾಯಿತು, ಅದೂ ಆಗಿನ ಸೋವಿಯತ್ ನಾಯಕ ಕ್ರುಶ್ಚೇವ್ ಒಪ್ಪಿಗೆ ಪಡೆದು.

ಓದಿದವರಲ್ಲಿ ರಷ್ಯಾದ ಈಶಾನ್ಯ ತುದಿಯ ಕೊಲಿಮಾದ ಶಿಬಿರಗಳಲ್ಲಿ ವರ್ಷಗಟ್ಟಲೆ ನರಳಿದ ಲೇಖಕ ವರ್ಲಾಮ್ ಶಲಾಮೊವ್ ಕೂಡ ಇದ್ದ. ತುಂಬ ಮೆಚ್ಚಿ ಕಾಗದ ಬರೆದ. ಜೊತೆಗೆ ಒಂದು ಚುಚ್ಚುಮಾತು: ಆಸ್ಪತ್ರೆ ಹತ್ತಿರ ಬೆಕ್ಕು ಓಡಾಡುತ್ತಿದೆಯಲ್ಲ, ನಿಜವಾದ ಶಿಬಿರ ಆಗಿದ್ದರೆ ಅದನ್ನು ಯಾವತ್ತೋ ತಿಂದಿರುತ್ತಿದ್ದರು!

ಶಲಾಮೊವ್ ಮಾತಿಗೆ ನಾನು ಎದುರು ಹೇಳಲಾರೆ. ಆದರೆ ಸೋಲ್ಜೆನಿತ್ಸಿನ್ ಬೇಕೆಂದೇ ಒಳ್ಳೆಯ ದಿನ ಆರಿಸಿಕೊಂಡಿದ್ದಾನೆ ಅಲ್ವಾ? ಅವತ್ತು ಶುಖೋವ್‌ಗೆ ಎರಡು ಬಟ್ಟಲು ಗಂಜಿ ಜಾಸ್ತಿ ಸಿಗುತ್ತದೆ, ಕತ್ತಲಕೋಣೆ ತಪ್ಪುತ್ತದೆ, ಚೂರು ತಂಬಾಕೂ ಸಿಗುತ್ತದೆ. ಖುಷಿಯಲ್ಲೇ ನಿದ್ದೆ ಹೋಗುತ್ತಾನೆ. ಆ ಖುಷಿ ಓದುವಾಗಲೇ ನನಗೆ ಹೊಟ್ಟೆ ತೊಳಸಿದ್ದು. ಬರೀ ಹೊಡೆತ ಬಡಿತ ಇದ್ದಿದ್ದರೆ ಅಯ್ಯೋ ಪಾಪ ಅಂದು ಪುಟ ತಿರುಗಿಸುತ್ತಿದ್ದೆ.

ನನಗೆ ಕಿರಿಕಿರಿ ಮಾಡಿದ್ದು ಗೋಡೆಯ ಭಾಗ. ಮೈನಸ್ 27 ಡಿಗ್ರಿ ಚಳಿ, ಕಲಸಿದ ಗಾರೆ ನೋಡನೋಡುತ್ತಲೇ ಹೆಪ್ಪುಗಟ್ಟುತ್ತದೆ. ಉಳಿದವರೆಲ್ಲ ಹಾಜರಿಗೆ ಓಡುತ್ತಿದ್ದರೂ ಇವನು ಉಳಿದ ಗಾರೆ ಹಾಳಾಗಬಾರದೆಂದು ಕಟ್ಟುತ್ತಲೇ ಇರುತ್ತಾನೆ. ಕ್ರುಶ್ಚೇವ್‌ಗೆ ತುಂಬ ಹಿಡಿಸಿದ್ದು ಇದೇ ಭಾಗವಂತೆ! ಹಿಡಿಸದೆ ಇನ್ನೇನು. ಕೈದಿ ಮೈಮುರಿದು ದುಡಿದರೆ ಯಾವ ಸರ್ಕಾರಕ್ಕೆ ಬೇಜಾರು?

ಅದೇ ಸಿಟ್ಟಲ್ಲಿ ಆ ಪುಟಗಳನ್ನು ಮತ್ತೆ ಓದಿದೆ. ತಡವಾದರೆ ಕಾವಲಿನವರು ನಾಯಿ ಬಿಟ್ಟರೂ ಬಿಟ್ಟಾರು, ಆದರೂ ಶುಖೋವ್ ಎರಡು ಹೆಜ್ಜೆ ಹಿಂದೆ ಬಂದು ಗೋಡೆಯನ್ನು ಮತ್ತೊಮ್ಮೆ ನೋಡುತ್ತಾನೆ. ರಸಮಟ್ಟ ಇಟ್ಟು ನೋಡಿದ ಹಾಗೆ ನೇರ. ಅವನ ಕೈಗೆ ಒಗ್ಗಿದ ಕರಣೆ ಒಂದಿದೆ, ಸರ್ಕಾರದ್ದೇ. ಅದನ್ನು ಮಾತ್ರ ಅವನು ಲೆಕ್ಕಕ್ಕೆ ಒಪ್ಪಿಸುವುದಿಲ್ಲ. ನಾಳೆ ಬೇರೆಯವರ ಕೈಗೆ ಸಿಗದ ಹಾಗೆ ಬಚ್ಚಿಟ್ಟು, ಆಮೇಲೆ ಓಡುತ್ತಾನೆ.