ಬೇಡ ಎಂದದ್ದು ನೆನಪಿರಲಿಕ್ಕೂ ಒಂದು ಕುಕಿ ಬೇಕಂತೆ

‘ನಿಮ್ಮ ಖಾಸಗಿತನಕ್ಕೆ ನಾವು ಬೆಲೆ ಕೊಡುತ್ತೇವೆ.’ ಜಾಲತಾಣದ ಬಾಗಿಲಲ್ಲೇ ಅಡ್ಡಗಟ್ಟಿ ಕುಕಿಗಳಿಗೆ, ಅಂದರೆ ನಿಮ್ಮನ್ನು ಗುರುತಿಡಲು ತಾಣಗಳು ನಿಮ್ಮ ಬ್ರೌಸರಿನಲ್ಲಿ ಬಿಟ್ಟುಹೋಗುವ ಪುಟ್ಟ ಚೀಟಿಗಳಿಗೆ, ಒಪ್ಪಿಗೆ ಕೇಳುವ ಈ ಫಲಕದಲ್ಲಿ ಸುಳ್ಳೇನೂ ಇಲ್ಲ. ಬೆಲೆ ಕೊಡುವುದು ನಿಜ. ಎಷ್ಟು ಅನ್ನುವುದು ಜಾಹೀರಾತಿನ ಹರಾಜಿನಲ್ಲಿ ತೀರ್ಮಾನವಾಗುತ್ತದೆ, ನೀವು ಒಪ್ಪಿ ಕಣ್ಣು ಮಿಟುಕಿಸುವಷ್ಟರಲ್ಲಿ ಹರಾಜು ಮುಗಿದೂ ಹೋಗುತ್ತದೆ. ದುಡ್ಡು ನಿಮಗೆ ಬರುವುದಿಲ್ಲ, ಅಷ್ಟೇ.

ಫಲಕವನ್ನು ಸ್ವಲ್ಪ ಹತ್ತಿರದಿಂದ ನೋಡಿ. ‘ಎಲ್ಲಕ್ಕೂ ಒಪ್ಪಿಗೆ’ ಎಂಬ ಗುಂಡಿ ಮದುಮಗನ ಹಾಗೆ ಸಿಂಗರಿಸಿಕೊಂಡು ನಟ್ಟನಡುವೆ ಕೂತಿರುತ್ತದೆ. ಪಕ್ಕದಲ್ಲಿ, ಕನ್ನಡಕ ಹುಡುಕಿಸುವ ಬೂದು ಅಕ್ಷರದಲ್ಲಿ, ‘ಆಯ್ಕೆಗಳನ್ನು ನಿರ್ವಹಿಸಿ’. ಒತ್ತಿದರೆ ಸ್ವಿಚ್ಚುಗಳ ಸಾಲು, ಎಲ್ಲವೂ ಆಫ್. ಪರವಾಗಿಲ್ಲ, ಸಜ್ಜನರು ಎಂದುಕೊಂಡು ಹಿಂದಿರುಗುವವರು ಮೋಸಹೋಗುವುದು ಇಲ್ಲೇ. ‘ನ್ಯಾಯಸಮ್ಮತ ಹಿತಾಸಕ್ತಿ’ ಎಂಬ ಇನ್ನೊಂದು ಟ್ಯಾಬ್ ಅನೇಕ ಕಡೆ ಇರುತ್ತದೆ. ಅಲ್ಲಿ ಹೆಚ್ಚುಕಡಿಮೆ ಅವೇ ಉದ್ದೇಶಗಳು, ಎಲ್ಲವೂ ಆನ್. ಒಪ್ಪಿಗೆ ಕೇಳಿದ್ದು ಸೌಜನ್ಯಕ್ಕೆ. ಕೊಡದಿದ್ದರೆ ಅವರ ಹಿತಾಸಕ್ತಿ ಹೇಗೂ ಇದೆಯಲ್ಲ! ಅದರ ಕೆಳಗೆ ನೂರಾರು ‘ಪಾಲುದಾರರು’, ಯಾವ ಮನೆಯವರೆಂದು ಯಾರಿಗೂ ಗೊತ್ತಿಲ್ಲ. ಅವರನ್ನೆಲ್ಲ ದಾಟಿ ತಳ ಮುಟ್ಟಿದರೆ ಅಲ್ಲಿ ಮತ್ತೆ ಅದೇ ಮದುಮಗ, ಪಕ್ಕದಲ್ಲಿ ಮಂಕಾದ ‘ಉಳಿಸಿ ಹೊರಡಿ’. ದಣಿದ ಬೆರಳು ಬಣ್ಣದ ಕಡೆಗೇ ಹೋಗುತ್ತದೆ.

ಒಪ್ಪಲು ಒಂದೇ ಕ್ಲಿಕ್, ನಿರಾಕರಿಸಲು ಹಲವು ಎಂಬ ಕಾರಣಕ್ಕೇ ಫ್ರಾನ್ಸಿನ ದತ್ತಾಂಶ ಪ್ರಾಧಿಕಾರ 2022ರ ಜನವರಿಯಲ್ಲಿ ಗೂಗಲ್‌ಗೆ 15 ಕೋಟಿ ಯೂರೊ, ಫೇಸ್‌ಬುಕ್‌ಗೆ 6 ಕೋಟಿ ಯೂರೊ ದಂಡ ಘೋಷಿಸಿತು. ಉಳಿದವರು ಆಮೇಲೆ ಬೂದುಬಣ್ಣವನ್ನು ಒಂದು ಚೂರು ಗಾಢ ಮಾಡಿಕೊಂಡಿರಬೇಕು.

ಇಷ್ಟೆಲ್ಲ ಮಾಡಿ ‘ಬೇಡ’ ಅಂದಿರಿ. ನೀವು ಬೇಡ ಅಂದದ್ದನ್ನು ತಾಣ ಎಲ್ಲಿ ಬರೆದಿಟ್ಟುಕೊಳ್ಳುತ್ತದೆ? ಸಾಮಾನ್ಯವಾಗಿ ಒಂದು ಕುಕಿಯಲ್ಲಿ. ಕುಕಿ ಬೇಡವೆಂದು ಕಂಟ್ರೋಲ್, ಶಿಫ್ಟ್, ಡಿಲೀಟ್ ಮೂರನ್ನೂ ಒಟ್ಟಿಗೆ ಒತ್ತಿ, ಕಾಲಾವಧಿಯನ್ನು ‘ಎಲ್ಲ ಸಮಯ’ಕ್ಕೆ ತಂದು ಗುಡಿಸಿ ಹಾಕಿದರೆ ಬೇಡ ಎಂದದ್ದೂ ಕಸದ ಜೊತೆ ಹೋಯಿತು. ನಾಳೆ ಮತ್ತೆ ಮದುಮಗ. ಆಪಲ್‌ನ ಬ್ರೌಸರ್ ಸಫಾರಿಯಲ್ಲಿ ಇನ್ನೂ ಚೆಂದ: ಪುಟದೊಳಗಿನ ಸ್ಕ್ರಿಪ್ಟ್ (ಪುಟ್ಟ ಪ್ರೋಗ್ರಾಮ್) ಬರೆದ ಕುಕಿಯ ಆಯಸ್ಸನ್ನು ಅದು ಹಿಂಬಾಲಿಕೆ ತಡೆಯಲೆಂದೇ 7 ದಿನಕ್ಕೆ ಇಳಿಸಿದೆ. ಹಾಗಾಗಿ ಸ್ಕ್ರಿಪ್ಟ್ ಬರೆದಿಟ್ಟ ನಿರಾಕರಣೆಗೂ ಅಷ್ಟೇ ಆಯಸ್ಸು. ಕೊಟ್ಟ ಒಪ್ಪಿಗೆಯೂ ಮರೆತುಹೋಗುತ್ತದೆ ಅನ್ನಿ, ಆದರೆ ಅದನ್ನು ಮತ್ತೆ ಕೊಡಲು ಒಂದೇ ಕ್ಲಿಕ್ ಸಾಕು.

ಸರಿ, ಬ್ರೌಸರಿನಲ್ಲೇ ತಡೆಯೋಣ. ಜಾಹೀರಾತು ಮಾರುವ ಕಂಪನಿಯೇ ಬ್ರೌಸರನ್ನೂ ಮಾಡಿದರೆ ಬೇಲಿ ಯಾವ ಕಡೆ ನೋಡುತ್ತದೆಂದು ಹೊಲಕ್ಕೆ ಗೊತ್ತು. ಸಫಾರಿ 2020ರಲ್ಲೇ ಥರ್ಡ್ ಪಾರ್ಟಿ ಕುಕಿಗಳನ್ನು, ಅಂದರೆ ನೀವು ತೆರೆದ ತಾಣದ್ದಲ್ಲದೆ ಅದರ ಪುಟದಲ್ಲಿ ಕೂತ ಬೇರೆಯವರ ಕುಕಿಗಳನ್ನು, ಪೂರ್ತಿ ನಿಲ್ಲಿಸಿತು. ಫೈರ್‌ಫಾಕ್ಸ್ 2022ರಿಂದ ಒಂದೊಂದು ತಾಣದ ಕುಕಿಗೂ ಬೇರೆ ಬೇರೆ ಡಬ್ಬಿ ಇಟ್ಟಿತು. ಅದೇ 2020ರಲ್ಲಿ ‘ಎರಡು ವರ್ಷದೊಳಗೆ ನಾವೂ ನಿಲ್ಲಿಸುತ್ತೇವೆ’ ಎಂದ ಗೂಗಲ್‌ನ ಕ್ರೋಮ್, ಗಡುವನ್ನು ಮುಂದೂಡುತ್ತ ಬಂದು 2024ರಲ್ಲಿ ಆ ಯೋಜನೆಯನ್ನೇ ಕೈಬಿಟ್ಟಿತು. ಕ್ರೋಮ್‌ನಲ್ಲಿ ಬೇಕಾದವರು ಸೆಟ್ಟಿಂಗ್ಸ್, ಪ್ರೈವಸಿ ಅಂಡ್ ಸೆಕ್ಯೂರಿಟಿ, ಥರ್ಡ್ ಪಾರ್ಟಿ ಕುಕೀಸ್ ಎಂದು ಮೂರು ಮೆಟ್ಟಿಲು ಇಳಿದು ತಾವೇ ಬೀಗ ಹಾಕಿಕೊಳ್ಳಬೇಕು. ಹಾಕಿದ ಮೇಲೆ ಯಾವುದಾದರೂ ತಾಣದ ಲಾಗಿನ್ನೋ, ಪುಟದೊಳಗೆ ಕೂರಿಸಿದ ವಿಡಿಯೊವೋ ಮುಷ್ಕರ ಹೂಡಿದರೆ ಇಡೀ ಬೀಗ ತೆಗೆಯಬೇಡಿ. ಮೇಲೆ ತಾಣದ ವಿಳಾಸ ಕಾಣುವ ಪಟ್ಟಿಯಿಂದಲೇ ಆ ಒಂದು ತಾಣಕ್ಕೆ ಮಾತ್ರ ವಿನಾಯಿತಿ ಕೊಡಿ. ಫೈರ್‌ಫಾಕ್ಸ್‌ನಲ್ಲಿ ಹೆಚ್ಚು ಬಿಗಿಯಾಗಿ ತಡೆಯುವ ಸ್ಟ್ರಿಕ್ಟ್ ಮೋಡ್‌ಗೂ ಇದೇ ಮದ್ದು, ವಿಳಾಸದ ಎಡಕ್ಕಿರುವ ಗುರಾಣಿಯ ಗುರುತಿನಲ್ಲಿ.

ಬ್ರೌಸರಿನ ಗುಪ್ತ ಕಿಟಕಿ ಇನ್‌ಕಾಗ್ನಿಟೊ ಬಗ್ಗೆ ಹೆಚ್ಚು ಹೇಳುವುದಿಲ್ಲ. ಅದು ನಿಮ್ಮ ಗುಟ್ಟನ್ನು ಕಾಪಾಡುವುದು ಮನೆಯವರಿಂದ. ಇಂಟರ್ನೆಟ್ ಕೊಡುವವರಿಗೆ, ಆಫೀಸಿನ ನೆಟ್‌ವರ್ಕ್‌ಗೆ, ಎದುರಿನ ತಾಣಕ್ಕೆ ನೀವು ಹಾಡಹಗಲಲ್ಲೇ ನಿಂತಿರುತ್ತೀರಿ.

ಎಲ್ಲಕ್ಕಿಂತ ಸೊಗಸಾದದ್ದು ‘ಡು ನಾಟ್ ಟ್ರ್ಯಾಕ್’. ಸೆಟ್ಟಿಂಗ್ಸ್‌ನಲ್ಲಿ ಒಂದು ಟಿಕ್ ಹಾಕಿದರೆ ಬ್ರೌಸರು ಪ್ರತಿ ವಿನಂತಿಯ ಜೊತೆ ‘ಡಿಎನ್‌ಟಿ: 1’ ಎಂದು ಕೈಮುಗಿಯುತ್ತಿತ್ತು. ದಯವಿಟ್ಟು ಹಿಂಬಾಲಿಸಬೇಡಿ ಎಂದರ್ಥ. 2011ರಲ್ಲಿ ಫೈರ್‌ಫಾಕ್ಸ್ ಇದನ್ನು ತಂದಿತು. ಪಾಲಿಸಲೇಬೇಕೆಂಬ ಒತ್ತಾಯವಿರಲಿಲ್ಲ, ಹೆಚ್ಚಿನವರು ಪಾಲಿಸಲೂ ಇಲ್ಲ. 2019ರಲ್ಲಿ ಸಫಾರಿ ಇದನ್ನು ತೆಗೆದುಹಾಕಿತು. ಯಾಕೆ ಗೊತ್ತೇ? ‘ನನ್ನನ್ನು ಹಿಂಬಾಲಿಸಬೇಡಿ’ ಎಂದು ಕೇಳಿಕೊಂಡವರು ಯಾರು ಎಂಬುದೇ ಅವರನ್ನು ಗುರುತಿಸಲು ಇನ್ನೊಂದು ಗುರುತಾಗಬಹುದಿತ್ತು. 2025ರಲ್ಲಿ ಫೈರ್‌ಫಾಕ್ಸ್ ಕೂಡ ಆ ಟಿಕ್ಕನ್ನು ಕಿತ್ತಿತು.

ಅದರ ಜಾಗಕ್ಕೆ ಬಂದಿರುವ, ನನ್ನ ಮಾಹಿತಿ ಮಾರಬೇಡಿ ಎಂದು ತಾಣಗಳಿಗೆ ಹೇಳುವ ‘ಗ್ಲೋಬಲ್ ಪ್ರೈವಸಿ ಕಂಟ್ರೋಲ್’ಗೆ ಕ್ಯಾಲಿಫೋರ್ನಿಯಾದಂಥ ಅಮೆರಿಕದ ಕೆಲವು ರಾಜ್ಯಗಳಲ್ಲಾದರೂ ಕಾನೂನಿನ ಹಲ್ಲಿದೆ. ಅಲ್ಲಿ ನೀವಿಲ್ಲದಿದ್ದರೆ ಅದೂ ಹೆಚ್ಚುಕಡಿಮೆ ಕೈಮುಗಿಯುವುದೇ. ಹಾಗಾಗಿ ಈಗಲೇ ಮಾಡಬಹುದಾದ ಕೆಲಸ ಒಂದಿದೆ: ಕ್ರೋಮ್, ಫೈರ್‌ಫಾಕ್ಸ್‌ಗಳಲ್ಲಿ ಬ್ರೌಸರ್ ಮುಚ್ಚಿದಾಗ ಕುಕಿಗಳು ಅಳಿಯುವಂತೆ ಮಾಡಿ, ನಿತ್ಯ ಲಾಗಿನ್ ಆಗುವ ನಾಲ್ಕೈದು ತಾಣಗಳನ್ನು ವಿನಾಯಿತಿ ಪಟ್ಟಿಗೆ ಸೇರಿಸಿ. ಆಗ ಮದುಮಗನ ಪಕ್ಕದ ಮಂಕು ಗುಂಡಿ ಹುಡುಕುವ ಕಷ್ಟ ಬೇಡ, ‘ಎಲ್ಲಕ್ಕೂ ಒಪ್ಪಿಗೆ’ ಒತ್ತಿಬಿಡಬಹುದು, ಅಷ್ಟರೊಳಗೆ ಅವರು ಕಂಡುಕೊಂಡದ್ದು ಅವರ ಬಳಿಯೇ ಉಳಿಯುತ್ತದೆ ಅನ್ನಿ. ಸಂಜೆ ಬ್ರೌಸರ್ ಮುಚ್ಚಿದೊಡನೆ ಆ ಒಪ್ಪಿಗೆಯ ಕುಕಿಯೂ ಅವರ ನೂರಾರು ಪಾಲುದಾರರ ಕುಕಿಗಳ ಜೊತೆಗೇ ಗುಡಿಸಿಹೋಗುತ್ತದೆ.