"ಎಲ್ಲರೂ ನಮ್ಮ ಗಿರಾಕಿಗಳೇ" ಅನ್ನುವ ಮಾತು

ಸಣ್ಣ ವ್ಯಾಪಾರ ಮಾಡುವವರು ಜಾಹೀರಾತು ಬರೆದುಕೊಡಿ ಅಂತ ಬಂದಾಗ ನಾನು ಮೊದಲು ಕೇಳುವುದು ಒಂದೇ. ನಿಮ್ಮ ಗಿರಾಕಿ ಯಾರು? ಹೆಚ್ಚಿನವರು "ಎಲ್ಲರೂ" ಅನ್ನುತ್ತಾರೆ. ಕೆಲವರು ಸ್ವಲ್ಪ ಯೋಚಿಸಿ "25ರಿಂದ 45 ವರ್ಷದವರು" ಅನ್ನುತ್ತಾರೆ. ನನಗೆ ಎರಡೂ ಒಂದೇ ಉತ್ತರ. ಈಗಷ್ಟೇ ಮೊದಲ ಕೆಲಸಕ್ಕೆ ಸೇರಿದ 26ರ ಹುಡುಗಿಗೂ, ಇಬ್ಬರು ಮಕ್ಕಳನ್ನು ಓದಿಸುತ್ತಿರುವ 44ರ ತಾಯಿಗೂ ಏನು ಹೋಲಿಕೆ? ಇಬ್ಬರಿಗೂ ನಾಟಲಿ ಅಂತ ಬರೆದ ಸಾಲು ಕೊನೆಗೆ ಯಾರಿಗೂ ನಾಟುವುದಿಲ್ಲ.

ನನಗೆ ಗೊತ್ತಿರುವ ಒಬ್ಬರು ಲ್ಯಾಪ್‌ಟಾಪ್ ರಿಪೇರಿ ಮಾಡುತ್ತಾರೆ. "ಎಲ್ಲಾ ಬಗೆಯ ಲ್ಯಾಪ್‌ಟಾಪ್ ರಿಪೇರಿ ಮಾಡಲಾಗುವುದು" ಅಂತ ಪೋಸ್ಟರ್, ಕೆಳಗೆ ಉದ್ದನೆಯ ಪಟ್ಟಿ. ದುಡ್ಡು ಕೊಟ್ಟು ಫೇಸ್‌ಬುಕ್‌ನಲ್ಲಿ ಬೂಸ್ಟ್ ಮಾಡಿದ್ದರು. ಲೈಕ್ ಬಂದವು, ಕೆಲಸ ಬರಲಿಲ್ಲ.

ಒಂದು ದಿನ ಇಬ್ಬರೂ ಕೂತು ಅವರ ಹಳೆಯ ವಾಟ್ಸಾಪ್ ಮೆಸೇಜ್‌ಗಳನ್ನು ಒಂದೊಂದಾಗಿ ಓದಿದೆವು. ಸುಮ್ನೆ ರೇಟ್ ವಿಚಾರಿಸಿ ಹೋದವರದ್ದಲ್ಲ, ದುಡ್ಡು ಕೊಟ್ಟು ಕೆಲಸ ಮಾಡಿಸಿಕೊಂಡವರದ್ದು ಮಾತ್ರ. ಜಾಸ್ತಿ ಮೆಸೇಜ್ ಬಂದಿದ್ದು ರಾತ್ರಿ ಒಂಬತ್ತರ ಮೇಲೆ. "ಸರ್, ನಾಳೆ ಪ್ರಾಜೆಕ್ಟ್ ಕೊಡ್ಬೇಕು, ಆನ್ ಆಗ್ತಾನೇ ಇಲ್ಲ." "ಬೆಳಿಗ್ಗೆ ಮೀಟಿಂಗ್ ಇದೆ, ಫೈಲ್ ಆದ್ರೂ ಸಿಗುತ್ತಾ?" ಒಬ್ಬ ವಿದ್ಯಾರ್ಥಿ, ಇನ್ನೊಬ್ಬರು ಮ್ಯಾನೇಜರ್. ವಯಸ್ಸು ಬೇರೆ, ವರಮಾನ ಬೇರೆ, ಆ ರಾತ್ರಿಯ ಗಾಬರಿ ಮಾತ್ರ ಒಂದೇ. ಇಬ್ಬರೂ ಮೊದಲು ಕೇಳಿದ್ದು ಎಷ್ಟಾಗುತ್ತೆ ಅಂತ ಅಲ್ಲ, ಯಾವಾಗ ಕೊಡ್ತೀರಿ ಅಂತ.

ಗಿರಾಕಿ ಸಿಕ್ಕಿದ್ದು ಅಲ್ಲಿ. ಪಟ್ಟಿ ತೆಗೆದು ಒಂದೇ ಸಾಲು ಹಾಕಿದೆವು: "ಬೆಳಿಗ್ಗೆಯೊಳಗೆ ಲ್ಯಾಪ್‌ಟಾಪ್ ಬೇಕಾ? ರಾತ್ರಿ ಹನ್ನೊಂದರವರೆಗೂ ಫೋನ್ ಮಾಡಿ." ಜಾಹೀರಾತನ್ನು ಸಂಜೆಯ ಮೇಲೆ ಮಾತ್ರ ಓಡಿಸಿದೆವು. ಫೋನ್ ಬರತೊಡಗಿತು.

ಗಿರಾಕಿಗಳನ್ನು ಗುಂಪು ಮಾಡಿ ನೋಡುವುದು ಹೊಸದೇನಲ್ಲ. ಫೋರ್ಡ್ ಕಂಪನಿ 1908ರಿಂದ 1927ರವರೆಗೆ ಹೆಚ್ಚಾಗಿ ಮಾಡೆಲ್ ಟಿ ಅನ್ನುವ ಒಂದೇ ಕಾರನ್ನು ನೆಚ್ಚಿಕೊಂಡಿತ್ತು. ಪ್ರತಿಸ್ಪರ್ಧಿ ಜನರಲ್ ಮೋಟಾರ್ಸ್‌ನ ಮುಖ್ಯಸ್ಥ ಆಲ್‌ಫ್ರೆಡ್ ಸ್ಲೋನ್ ಅಗ್ಗದ ಷೆವರ್ಲೆಯಿಂದ ದುಬಾರಿ ಕ್ಯಾಡಿಲಾಕ್‌ವರೆಗೆ ಜೇಬಿಗೆ ತಕ್ಕ ಹಾಗೆ ಕಾರು ಇಟ್ಟು ಫೋರ್ಡನ್ನು ಹಿಂದೆ ಹಾಕಿದರು. ಆದರೆ ಅಷ್ಟು ದೊಡ್ಡ ಕಂಪನಿ ಪ್ರತಿ ಗುಂಪಿಗೂ ಒಂದೊಂದು ಮಾಡೆಲ್ ತರಬಹುದು. ಒಬ್ಬರೇ ನಡೆಸುವ ವ್ಯಾಪಾರಕ್ಕೆ ಇರುವುದು ಎರಡು ಕೈ. ಒಂದು ಗುಂಪನ್ನು ಆರಿಸಿಕೊಳ್ಳಲೇಬೇಕು.

ಇಲ್ಲೇ ಎಲ್ಲರೂ ಹೆದರುವುದು. "ಹಾಗಾದ್ರೆ ಬೇರೆಯವರು ಬಂದ್ರೆ ವಾಪಸ್ ಕಳಿಸೋದಾ?" ಅಂತ ಕೇಳುತ್ತಾರೆ. ಆ ಭಯ ನನಗೆ ಅರ್ಥವಾಗುತ್ತದೆ, ತಿಂಗಳ ಬಾಡಿಗೆ ಕಟ್ಟುವವರ ಭಯ ಅದು. ಆದರೆ ಯಾರನ್ನೂ ವಾಪಸ್ ಕಳಿಸಬೇಕಾಗಿಲ್ಲ. ಯಾರನ್ನು ನೋಡಿ ಮಾತಾಡುತ್ತೀರಿ ಅನ್ನುವುದು ಬೇರೆ, ಯಾರಿಗೆ ಮಾರುತ್ತೀರಿ ಅನ್ನುವುದು ಬೇರೆ. ಜಾಹೀರಾತು ಒಬ್ಬರನ್ನು ನೋಡಿ ಮಾತಾಡಲಿ, ಬಾಗಿಲು ಎಲ್ಲರಿಗೂ ತೆರೆದಿರಲಿ.

ಫೇಸ್‌ಬುಕ್ ಜಾಹೀರಾತಿನಲ್ಲಿರುವ ಲುಕ್‌ಅಲೈಕ್ ಅನ್ನುವ ಸೌಲಭ್ಯದ ಬಗ್ಗೆಯೂ ಕೇಳುತ್ತಾರೆ. ಒಂದೇ ದೇಶದ ಕನಿಷ್ಠ 100 ಜನರ ಪಟ್ಟಿ ಕೊಟ್ಟರೆ ಅದು ಅವರನ್ನೇ ಹೋಲುವ ಜನರನ್ನು ಹುಡುಕುತ್ತದೆ. ಒಳ್ಳೆಯ ಸೌಲಭ್ಯವೇ. ಆದರೆ ಲೈಕ್ ಒತ್ತಿದವರ ಪಟ್ಟಿ ಕೊಟ್ಟರೆ ಲೈಕ್ ಒತ್ತುವವರೇ ಸಿಗುತ್ತಾರೆ, ಅಲ್ವಾ? ದುಡ್ಡು ಕೊಟ್ಟವರ ಪಟ್ಟಿ ಕೊಡಿ, ಅದೂ ಅವರ ಒಪ್ಪಿಗೆ ಪಡೆದು.

ಅದಕ್ಕೂ ಮೊದಲು ಇತ್ತೀಚೆಗೆ ಕೊಂಡ ಹತ್ತು ಜನರಿಗೆ ಫೋನ್ ಮಾಡಿ ಮಾತಾಡಿ. "ನಮ್ಮ ಸೇವೆ ಹೇಗಿತ್ತು?" ಅಂತ ಕೇಳಬೇಡಿ, ಚೆನ್ನಾಗಿತ್ತು ಅಂದುಬಿಡುತ್ತಾರೆ. ನಮ್ಮನ್ನು ಹುಡುಕಿದ ದಿನ ಏನಾಗಿತ್ತು, ನಮಗಿಂತ ಮೊದಲು ಎಲ್ಲಿ ವಿಚಾರಿಸಿದ್ರಿ, ಬರೋದಾ ಬೇಡವಾ ಅಂತ ಯಾಕೆ ಅನುಮಾನ ಬಂತು ಅಂತ ಕೇಳಿ. ಅವರು ಹೇಳಿದ್ದನ್ನು ಅವರ ಮಾತಿನಲ್ಲೇ ಬರೆದಿಡಿ, ತಿದ್ದಬೇಡಿ.

ಆ ರಿಪೇರಿ ಮಾಡುವವರು ಈಗ ಒಂದು ನೋಟ್‌ಬುಕ್ ಇಟ್ಟಿದ್ದಾರೆ. ಬಂದವರು ಹೇಳುವ ಮೊದಲ ಮಾತನ್ನು ಅದರಲ್ಲಿ ಬರೆಯುತ್ತಾರೆ. ಮೊನ್ನೆ ನೋಡಿದೆ. "ಮಗುವಿನ ಫೋಟೋಗಳೆಲ್ಲ ಹೋಗ್ಬಿಟ್ವಾ ಸರ್?" ಅನ್ನುವಂಥ ಸಾಲು ಒಂದೇ ತಿಂಗಳಲ್ಲಿ ಐದು ಸಲ ಇತ್ತು. ಹಾಗೆ ಕೇಳಿದವರಿಗೆ ಬೆಳಿಗ್ಗೆಯೊಳಗೆ ಏನೂ ಬೇಕಿಲ್ಲ. ಅವರಿಗೆ ಹೇಳುವ ಮಾತೇ ಬೇರೆ. ಅದು ಏನು ಅಂತ ಈಗ ಇಬ್ಬರೂ ಯೋಚಿಸುತ್ತಿದ್ದೇವೆ.